ಶಿಶಿಕ್ಷು ಅಂದ್ರೆ ಯಾರು? ಸ್ಟೀಲ್ ಪ್ಲಾಂಟಲ್ಲಿ ಅವರ ಕೆಲಸ ಏನು?

ಸರ್ಕಾರಿ ನೋಟಿಫಿಕೇಶನ್‌ನಲ್ಲಿ "ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನ" ಅಂತ ಬಂದ್ರೆ ಅರ್ಧ ಜನ ಶಿಶು ಅಂತ ಓದ್ತಾರೆ, ಇನ್ನರ್ಧ ಜನ ಶಿಕ್ಷೆ ಅಂತ. ಎರಡನೇದು ಪೂರ್ತಿ ತಪ್ಪೂ ಅಲ್ಲ ಬಿಡಿ, ಸಂಸ್ಕೃತದಲ್ಲಿ ಶಿಕ್ಷ್ ಅಂದ್ರೆ ಕಲಿಯೋದು, ನಾವು ಕನ್ನಡದವರು ಅದನ್ನ ಬೆತ್ತದ ಕಡೆಗೆ ಎಳ್ಕೊಂಡ್ವಿ ಅಷ್ಟೆ. ಕಲಿಯೋಕೆ ಬಂದವನು ಶಿಶಿಕ್ಷು, ಅಂದ್ರೆ ನಾವೆಲ್ಲ ಹೇಳೋ ಅಪ್ರೆಂಟಿಸ್. ಸ್ಟೀಲ್ ಪ್ಲಾಂಟ್ ಇರೋ ಭದ್ರಾವತಿ, ತೋರಣಗಲ್ಲು ಕಡೆ ಯಾರನ್ನ ಕೇಳಿದ್ರೂ "ಹುಡುಗ ಅಪ್ರೆಂಟಿಸ್ ಮಾಡ್ತಿದಾನೆ" ಅಂತಾರೆ, ಶಿಶಿಕ್ಷು ಅಂದ್ರೆ ಮುಖ ಮುಖ ನೋಡ್ತಾರೆ.

ಸಂಬಂಧಿಕರ ಹುಡುಗ ಒಬ್ಬ ಐಟಿಐ ಫಿಟ್ಟರ್ ಮುಗಿಸಿ ಒಂದು ಸ್ಟೀಲ್ ಪ್ಲಾಂಟಿಗೆ ಅಪ್ರೆಂಟಿಸ್ ಸೇರಿದ, ಅವರಜ್ಜಿ ಕೆಲಸ ಸಿಕ್ತು ಅಂತ ಬೀದಿಗೆಲ್ಲ ಸಿಹಿ ಹಂಚಿದ್ರು, ವರ್ಷ ಆದ್ಮೇಲೆ ಅವನು ವಾಪಸ್ ಮನೇಲಿ ಕೂತಾಗ "ಏನ್ ತಪ್ಪು ಮಾಡ್ದೆ, ಯಾಕ್ ತೆಗೆದ್ರು" ಅಂತ ಎಲ್ಲರೂ ಅವನನ್ನೇ ಕೇಳೋರು. ಅವನು ಏನೂ ತಪ್ಪು ಮಾಡಿರ್ಲಿಲ್ಲ, ಅಪ್ರೆಂಟಿಸ್ ಅನ್ನೋದು ಕೆಲಸಾನೇ ಅಲ್ಲ. 1961ರ ಅಪ್ರೆಂಟಿಸಸ್ ಆಕ್ಟ್ ಇದನ್ನ ಬಿಡಿಸಿ ಹೇಳುತ್ತೆ: ಅವನು ಕಲಿಯೋನು, ಕಾರ್ಮಿಕ ಅಲ್ಲ. ಅದಕ್ಕೇ ಬರೋದು ಸಂಬಳ ಅಲ್ಲ, ಸ್ಟೈಪೆಂಡ್. 2019ರ ರೂಲ್ಸ್ ಪ್ರಕಾರ ಕನಿಷ್ಠ ಸ್ಟೈಪೆಂಡ್ ಓದಿನ ಮೇಲೆ ತಿಂಗಳಿಗೆ 5,000ದಿಂದ 9,000 ರೂಪಾಯಿ ತನಕ ಇತ್ತು. ಮುಗಿದ್ಮೇಲೆ ಕೆಲಸ ಕೊಡಲೇಬೇಕು ಅಂತ ಕಂಪನಿಗೆ ಕಡ್ಡಾಯ ಇಲ್ಲ. ಹಾಗಂತ ಪೂರ್ತಿ ಸ್ಟೂಡೆಂಟೂ ಅಲ್ಲ, ಸೇಫ್ಟಿ ರೂಲ್ಸ್ ಕಾರ್ಮಿಕರಿಗೆ ಇದ್ದ ಹಾಗೇ ಇವರಿಗೂ ಇರುತ್ತೆ, ಕಲೀವಾಗ ಏಟಾದ್ರೆ ಪರಿಹಾರ ಇದೆ, ಅಪಾಯದ ಕೆಲಸ ಇರೋ ಇಂಡಸ್ಟ್ರಿಗೆ 18 ತುಂಬಿರ್ಲೇಬೇಕು.

ಇಲ್ಲೇ ಇನ್ನೊಂದು ಗೊಂದಲ, ಟ್ರೈನಿ ಅನ್ನೋ ಪದ. ಸರ್ಕಾರಿ ಉಕ್ಕು ಕಂಪನಿ ಸೇಲ್‌ನ (SAIL) ಜಾಹೀರಾತಲ್ಲಿ "ಅಟೆಂಡೆಂಟ್ ಕಮ್ ಟೆಕ್ನೀಶಿಯನ್ ಟ್ರೈನಿ" ಅಂತ ಬರುತ್ತಲ್ಲ, ಅದು ನಿಜವಾಗ್ಲೂ ಕೆಲಸದ ನೇಮಕಾತಿ, ಟ್ರೈನಿಂಗ್ ಸರಿಯಾಗಿ ಮುಗಿಸಿದ್ರೆ ರೆಗ್ಯುಲರ್ ಗ್ರೇಡಿಗೆ ಹಾಕ್ತಾರೆ. ಕೇಳೋಕೆ ಎರಡೂ ಒಂದೇ ಥರ, ಆದ್ರೆ ಅಜ್ಜಿ ಸಿಹಿ ಹಂಚಬೇಕಾಗಿದ್ದು ಇದಕ್ಕೆ.

ಹಾಗಾದ್ರೆ ಅಪ್ರೆಂಟಿಸ್ ಆಗಿ ಒಂದು ವರ್ಷ ಯಾಕೆ ಹೋಗ್ಬೇಕು ಅಂದ್ರೆ, ಐಟಿಐ ಶೆಡ್ಡಲ್ಲಿ ಕಲಿಸೋಕೆ ಆಗದೇ ಇರೋದು ಪ್ಲಾಂಟಲ್ಲೇ ಇರೋದು. ಐಟಿಐಲಿ ಫೈಲ್ ಹಿಡ್ಕೊಂಡು ಅಂಗೈ ಅಗಲದ ಕಬ್ಬಿಣದ ತುಂಡು ಉಜ್ಜಿರ್ತಾರೆ, ಇಲ್ಲಿ ಬಂದ್ರೆ ಒಂದು ಕನ್ವೇಯರ್‌ನ ಗೇರ್‌ಬಾಕ್ಸೇ ಆಳೆತ್ತರ. ಕಾದ ಉಕ್ಕನ್ನ ಒತ್ತಿ ರಾಡು ಮಾಡೋ ರೋಲಿಂಗ್ ಮಿಲ್ಲಲ್ಲಿ ಕೆಂಪಗೆ ಕಾದ ರಾಡು ದಾರಿ ತಪ್ಪಿ ಹಾವಿನ ಥರ ಸುತ್ಕೊಂಡು ಮೇಲೆ ಏಳುತ್ತೆ, ಅದಕ್ಕೆ ಕಾಬಲ್ ಅಂತಾರೆ, ಯಾವ ಕಡೆ ನಿಂತಿರ್ಬಾರ್ದು ಅಂತ ಪುಸ್ತಕ ಓದಿ ಗೊತ್ತಾಗಲ್ಲ, ಹಳಬರು ಭುಜ ಹಿಡಿದು ಈಚೆ ಎಳೆದಾಗ ಗೊತ್ತಾಗೋದು. ಅದಿರು ಕರಗಿಸೋ ಬ್ಲಾಸ್ಟ್ ಫರ್ನೇಸ್‌ನ ಗ್ಯಾಸಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ ಬಣ್ಣ ಇಲ್ಲ, ತಲೆ ಸುತ್ತು ಬಂತು ಅನ್ನೋ ಹೊತ್ತಿಗೆ ತಡ ಆಗಿರ್ಬಹುದು, ಆದ್ರಿಂದ ಆ ಕಡೆ ಹೋಗೋರ ಜೇಬಿಗೆ ಗ್ಯಾಸ್ ಮಾನಿಟರ್ ಸಿಕ್ಕಿಸಿರ್ತಾರೆ. ಮೋಟರ್ ಮುಟ್ಟೋಕ್ ಮುಂಚೆ ಶಟ್‌ಡೌನ್ ತಗೊಂಡು, ಅಂದ್ರೆ ಕರೆಂಟ್ ಕಟ್ ಮಾಡ್ಸಿ, ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ನಿಮ್ಮ ಹತ್ರಾನೇ ಇಟ್ಕೊಳೋದು, ಇದೂ ಕೈಗೆ ರೂಢಿ ಆಗ್ಬೇಕು.

ಇದು 1961ರಲ್ಲಿ ಶುರುವಾದ ವಿಚಾರ ಅಲ್ಲ. ಟಾಟಾದವರು 1921ರಲ್ಲೇ ಜಮ್‌ಶೆಡ್‌ಪುರದಲ್ಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಮಾಡಿದ್ರು. ನಮ್ಮ ಭದ್ರಾವತಿ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ, ಅದನ್ನ ನಡೆಸಿದ ವಿಶ್ವೇಶ್ವರಯ್ಯನವರು ತಮಗೆ ಬರ್ಬೇಕಿದ್ದ ಸಂಭಾವನೆನ ಕಸುಬು ಕಲಿಸೋ ಶಾಲೆಗೆ ಹಾಕಿ ಅಂದ್ರು, ಬೆಂಗಳೂರಲ್ಲಿರೋ ಈಗಿನ ಎಸ್‌ಜೆ ಪಾಲಿಟೆಕ್ನಿಕ್ ಹುಟ್ಟಿದ್ದು ಆ ದುಡ್ಡಿಂದ, 1943ರಲ್ಲಿ. ಕಬ್ಬಿಣದ ದುಡ್ಡು ಕಲಿಕೆಗೆ ಹೋಗಿದ್ದು ಹೀಗೆ.

ಸೇರೋರಿಗೆ ಒಂದೆರಡು ಮಾತು. ಐಟಿಐ ಆದೋರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್ಲಲ್ಲಿ, ಡಿಪ್ಲೊಮಾ, ಡಿಗ್ರಿ ಆದೋರು ನ್ಯಾಟ್ಸ್ (ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ಸ್ಕೀಮ್) ಪೋರ್ಟಲ್ಲಲ್ಲಿ ರಿಜಿಸ್ಟರ್ ಮಾಡ್ಬೇಕು, ಮತ್ತೆ ಕಂಪನಿ ಜೊತೆ ನಿಮ್ಮ ಅಪ್ರೆಂಟಿಸ್ ಕಾಂಟ್ರಾಕ್ಟ್ ಆ ಪೋರ್ಟಲ್ಲಲ್ಲಿ ಬಂದಿದೆಯಾ ಅಂತ ಮೊದಲ ತಿಂಗಳೇ ನೋಡ್ಕೊಳಿ. ಅದಿಲ್ಲ ಅಂದ್ರೆ ನೀವು ಅಪ್ರೆಂಟಿಸೇ ಅಲ್ಲ, ಬರೀ ಕಮ್ಮಿ ಕೂಲಿಯ ಆಳು. ಐಟಿಐ ಆದೋರು ಕೊನೇಲಿ ಟ್ರೇಡ್ ಟೆಸ್ಟ್ ಪಾಸಾದ್ರೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಕೊಡ್ತಾರೆ, ಪರೀಕ್ಷೆಗೆ ಚಕ್ಕರ್ ಹಾಕಿದ್ರೆ ವರ್ಷ ಪೂರ್ತಿ ಬೆವರು ಸುರಿಸಿದ್ದಕ್ಕೆ ಕಾಗದ ಇರಲ್ಲ.

ಇನ್ನು ಹದಿನೈದು ವರ್ಷ ಲೇಡಲ್‌ಗೆ (ಕರಗಿದ ಉಕ್ಕು ಹೊರೋ ದೊಡ್ಡ ಪಾತ್ರೆ) ಒಳಗಡೆ ಇಟ್ಟಿಗೆ ಕಟ್ಟಿ ಕಟ್ಟಿ ಪಳಗಿರೋ ಕಾಂಟ್ರಾಕ್ಟ್ ಕಾರ್ಮಿಕರು ಇರ್ತಾರಲ್ಲ, ಯಾವ ಸರ್ಟಿಫಿಕೇಟೂ ಇಲ್ದೆ, ಅವರನ್ನ ಶಿಶಿಕ್ಷು ಅಂತ ಕರೆದ್ರೆ ನಗ್ತಾರೆ. ಅವರಿಗೆ ಇರೋ ದಾರಿ ಆರ್‌ಪಿಎಲ್, ಅಂದ್ರೆ ಈಗಾಗ್ಲೇ ಬರೋ ಕೆಲಸನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋದು. ಅದರ ಬಗ್ಗೆ ಇನ್ನೊಂದ್ಸಲ ಬರೀತೀನಿ.