ಕಾಳಜಿ ಕೇಂದ್ರಕ್ಕೂ ಹೊಸ ಮನೆಗೂ ನಡುವಿನ ಮಳೆಗಾಲ

ನೆಲೆ ತಪ್ಪಿದವರಿಗೆ ನೆಲೆ ಕಲ್ಪಿಸುವ ಪ್ರಶ್ನೆ ಮಲೆನಾಡಿಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯಿಂದ ಎದ್ದು ಬಂದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ಇಳಿಸಲಾಯಿತು. ಆ ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ವರ್ಷಗಳ ಮೊದಲೇ ತಿಳಿದಿದ್ದ ಮುಳುಗಡೆಯ ಕಥೆಯೇ ಹೀಗಾದರೆ, ಒಂದೇ ರಾತ್ರಿಯಲ್ಲಿ ಜಾರುವ ಗುಡ್ಡದ ಕಥೆ ಇನ್ನೂ ಕಠಿಣ.

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮರುವರ್ಷ ಅದೇ ತಿಂಗಳು ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಳು, ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗದ್ದೆ ತೋಟಗಳ ಮೇಲೆ ಗುಡ್ಡದ ಮಣ್ಣು ಬಂದು ಬಿತ್ತು, ಮೂಡಿಗೆರೆ ಕಡೆಯ ಮಲೆಮನೆ, ಮಧುಗುಂಡಿಯ ಜನ ಊರು ಬಿಟ್ಟರು. ಮನೆ ಕಳೆದುಕೊಂಡವರನ್ನು ಕೆಲದಿನ ತಂಗಿಸುವ, ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದುದು ಈಗ ಕಾಳಜಿ ಕೇಂದ್ರವಾಗಿದೆ, ಅನ್ನ ಔಷಧಿಗಳ ವ್ಯವಸ್ಥೆಯೂ ಸುಧಾರಿಸಿದೆ. ಆದರೆ ಅದು ನಡೆಯುವುದು ಶಾಲೆಯಲ್ಲೋ ಸಮುದಾಯ ಭವನದಲ್ಲೋ. ಮಳೆ ನಿಂತು ಶಾಲೆ ತೆರೆಯುವ ಹೊತ್ತಿಗೆ ಜಾಗ ಬಿಡಬೇಕು. ಅಲ್ಲಿಂದ ಹೊಸ ಮನೆಯವರೆಗಿನ ಒಂದೆರಡು ವರ್ಷಕ್ಕೆ ನಮ್ಮಲ್ಲಿರುವ ಉತ್ತರ ಬಾಡಿಗೆ ಹಣ. ಕೊಡಗಿನಲ್ಲಿ ತಿಂಗಳಿಗೆ 10,000 ರೂಪಾಯಿ ಕೊಟ್ಟದ್ದು ದೊಡ್ಡ ಆಸರೆಯೇ ಸರಿ. ಆದರೆ ಬಾಡಿಗೆ ಮನೆ ಸಿಗುವುದು ಪೇಟೆಯಲ್ಲಿ. ಕೊಳೆರೋಗ ಹತ್ತುವ ಮೊದಲು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕಾದವರು, ಎರಡು ಹೊತ್ತು ಹಾಲು ಕರೆಯಬೇಕಾದವರು ಅಲ್ಲಿ ಹೇಗೆ ಇದ್ದಾರು?

ತಗಡಿನ ಶೆಡ್ಡು ಹಾಕಿದರೂ ನಮ್ಮ ಮಳೆಗೆ ಅದು ಸಾಲದು. ಆಷಾಢದಲ್ಲಿ ಇಲ್ಲಿನ ಮನೆ ನಡೆಯುವುದೇ ಬಚ್ಚಲ ಒಲೆಯ ಮೇಲೆ: ಹಂಡೆಯ ನೀರು ಕಾಯುವುದು, ಮಕ್ಕಳ ಬಟ್ಟೆ ಒಣಗುವುದು, ಅಜ್ಜಿ ಕೈಕಾಲು ಕಾಸಿಕೊಳ್ಳುವುದು ಎಲ್ಲವೂ ಅಲ್ಲೇ. ಒಲೆಗೂ ಸೌದೆಗೂ ಜಾಗವಿಲ್ಲದ ಹತ್ತಡಿ ಕೋಣೆ ಮನೆಯಾಗದು.

ಜಪಾನಿನ ಕೋಬೆಯಲ್ಲಿ 1995ರ ಭೂಕಂಪದ ನಂತರ ತಾತ್ಕಾಲಿಕ ಮನೆಗಳನ್ನು ಲಾಟರಿ ಎತ್ತಿ ಹಂಚಿದ್ದರಿಂದ ನೆರೆಹೊರೆ ಚದುರಿಹೋಯಿತು, ಎಷ್ಟೋ ವೃದ್ಧರು ಯಾರಿಗೂ ತಿಳಿಯದಂತೆ ಒಂಟಿಯಾಗಿ ತೀರಿಕೊಂಡರು. ಅದರಿಂದ ಕಲಿತು, 2004ರ ಚೂಯೆತ್ಸು ಭೂಕಂಪದಲ್ಲಿ ಯಮಕೋಶಿ ಎಂಬ ಬೆಟ್ಟದ ಊರಿನವರನ್ನು ಕೇರಿ ಕೇರಿಯಾಗಿಯೇ ಒಟ್ಟಿಗೆ ಇರಿಸಿದರು. ತೋಟಕ್ಕೊಂದು ಮನೆಯಂತೆ ಹರಡಿಕೊಂಡಿದ್ದರೂ ಒಬ್ಬರ ಕೊಟ್ಟಿಗೆಯ ಕೂಗು ಇನ್ನೊಬ್ಬರಿಗೆ ಕೇಳುವ ನಮ್ಮ ಊರುಗಳಿಗೆ ಇದೇ ಸರಿಯಾದ ಕ್ರಮವೆಂದು ನನ್ನ ನಂಬಿಕೆ.

ಜಾಗದ ತೊಡಕು ಬೇರೆಯೇ ಇದೆ. ಸಮತಟ್ಟಾದ ಕಡೆ ಗದ್ದೆ, ಉಳಿದದ್ದು ಕಾಡು. ಅವಸರಕ್ಕೆ ಜೆಸಿಬಿ ತಂದು ಗುಡ್ಡ ಕಡಿದರೆ ನೀರು ಕುಡಿದ ಆ ಕೆಂಪು ಧರೆಯೇ ಮುಂದಿನ ಆಷಾಢದಲ್ಲಿ ಶೆಡ್ಡಿನ ಮೇಲೆ ಬಂದೀತು. ಆದ್ದರಿಂದ ಪ್ರತಿ ಪಂಚಾಯಿತಿಯೂ ಬೇಸಿಗೆಯಲ್ಲೇ, ಇಳಿಜಾರು ಮತ್ತು ಹಳ್ಳದ ದಾರಿ ಬಲ್ಲ ಹಿರಿಯರನ್ನು ಜೊತೆಗೆ ಕರೆದೊಯ್ದು, ಜಾಗ ಗುರುತಿಸಿ ನೀರು, ದಾರಿ, ಕೊಟ್ಟಿಗೆಯ ನಕ್ಷೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು.