ಕೆಬಾರ್ ನಾಲೆಯ ದಡದಲ್ಲಿ ಕಂಡ ಚಕ್ರಗಳು

ಭಾನುವಾರ ಪೂಜೆ ಮುಗಿದ ಮೇಲೆ ಹಾಸನದಲ್ಲಿ ನಾನು ನಡೆಸುವ ಸತ್ಯವೇದದ ಪಾಠಕ್ಕೆ ಹತ್ತು ಹನ್ನೆರಡು ಜನ ಉಳಿಯುತ್ತಾರೆ. ಹಳೆಯ ಒಡಂಬಡಿಕೆಯನ್ನು ಹೀಬ್ರೂ ಮೂಲ ಇಟ್ಟುಕೊಂಡು ಬಿಡಿಸಿ ಹೇಳುವುದು ನನ್ನ ಬಹುಕಾಲದ ಕೆಲಸ. ಸೆರೆಯಾಗಿ ಪರದೇಶಕ್ಕೆ ಹೋದ ಯೆಹೂದಿ ಪ್ರವಾದಿ ಯೆಹೆಜ್ಕೇಲ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿ ಒಂದು ದರ್ಶನ ಹೇಳುತ್ತಾನೆ: ಬೆಂಕಿಯ ನಡುವೆ ರೆಕ್ಕೆಯಿರುವ ನಾಲ್ಕು ಜೀವಿಗಳು, ಪಕ್ಕದಲ್ಲಿ ಚಕ್ರಗಳು, ಮೇಲೆ ದೇವರ ಸಿಂಹಾಸನ. ಈ ಮಳೆಗಾಲದಲ್ಲಿ ಆ ಅಧ್ಯಾಯ ತೆಗೆದ ದಿನ ಡಿಪ್ಲೊಮಾ ಓದುವ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ಹಿಡಿದುಕೊಂಡು ಮುಂದೆ ಬಂದ. “ಮೇಷ್ಟ್ರೇ, ಇದು ಬೇರೆ ಗ್ರಹದವರ ನೌಕೆ ಅಂತೆ. ಬೆಂಕಿ, ರೆಕ್ಕೆ, ಚಕ್ರ, ಎಲ್ಲಾ ಬರ್ದಿದೆ ನೋಡಿ.”

ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಹಾಸನಕ್ಕೆ ಬಂದದ್ದು 1982ರಲ್ಲಿ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಅಂಥ ಊರಿನ ಹುಡುಗನಿಗೆ ಈ ಪ್ರಶ್ನೆ ಏಳುವುದು ಸಹಜ. ಇದನ್ನು ಗಂಭೀರವಾಗಿ ತೆಗೆದುಕೊಂಡ ಎಂಜಿನಿಯರುಗಳೂ ಇದ್ದಾರೆ. ನಾಸಾದಲ್ಲಿದ್ದ ಜೋಸೆಫ್ ಬ್ಲೂಮ್ರಿಚ್ ಈ ನೌಕೆಯ ವಾದವನ್ನು ಸುಳ್ಳೆಂದು ತೋರಿಸಲು ಹೊರಟು, ಕೊನೆಗೆ ತಾನೇ ಅದನ್ನು ನಂಬಿ ಚಿತ್ರ ಬರೆದರು. ಮುಖ ತಿರುಗಿಸದೆಯೇ ಯಾವ ದಿಕ್ಕಿಗಾದರೂ ಹೋಗುವ ಚಕ್ರವೊಂದಕ್ಕೆ 1974ರಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆದರು. ಚಕ್ರ ಒಳ್ಳೆಯ ಚಕ್ರವೇ. ಆದರೆ ಅದರಿಂದ ಯೆಹೆಜ್ಕೇಲ ಹೇಳಿದ್ದೇನು ಎಂಬುದು ತಿಳಿಯುವುದಿಲ್ಲ.

ಹುಡುಗನ ಬಾಯಲ್ಲಿ ಬಂದ ‘ಅಂತೆ’ಯಿಂದಲೇ ಪಾಠ ಶುರು ಮಾಡಿದೆ. ಕನ್ನಡದಲ್ಲಿ ‘ಬಂದನಂತೆ’ ಎಂದರೆ ನಾನು ನೋಡಿಲ್ಲ, ಕೇಳಿದ್ದೇನೆ ಎಂದರ್ಥ. ‘ಮಿಂಚಿನಂತೆ’ ಎಂದರೆ ಮಿಂಚಲ್ಲ, ಅದರ ಹಾಗೆ. ಯೆಹೆಜ್ಕೇಲನ ಈ ಅಧ್ಯಾಯ ಪೂರ್ತಿ ನಿಂತಿರುವುದು ಈ ಎರಡನೆಯ ‘ಅಂತೆ’ಯ ಮೇಲೆ. ಹೀಬ್ರೂವಿನಲ್ಲಿ ‘ದೆಮೂತ್’ ಎಂದರೆ ಹೋಲಿಕೆ, ‘ಮರ್‌ಎ’ ಎಂದರೆ ತೋರಿಕೆ. ಇವೆರಡೂ ಸಾಲುಸಾಲಿಗೆ ಬರುತ್ತವೆ. ಕೊನೆಯ ವಚನವನ್ನು ಇದ್ದ ಹಾಗೆ ಕನ್ನಡಕ್ಕೆ ತಂದರೆ ‘ಯೆಹೋವನ ಮಹಿಮೆಯ ಹೋಲಿಕೆಯ ತೋರಿಕೆ’ ಎಂದಾಗುತ್ತದೆ. ದೇವರನ್ನು ಕಂಡೆ ಎನ್ನಲಿಲ್ಲ, ಮಹಿಮೆಯನ್ನು ಕಂಡೆ ಎಂದೂ ಎನ್ನಲಿಲ್ಲ. ಮೂರು ಪರದೆ ಇಳಿಬಿಟ್ಟು ಹಿಂದೆ ಸರಿದು ನಿಂತ. ಯಂತ್ರವೊಂದನ್ನು ನೋಡಿ ಅದರ ಅಳತೆ ಬರೆದುಕೊಂಡವನ ಮಾತು ಹೀಗಿರುವುದಿಲ್ಲ.

“ಹಾಗಾದ್ರೆ ಕರೆಂಟು?” ಎಂದ ಹುಡುಗ. ಆ ವಿಡಿಯೋದಲ್ಲಿ ಅದೂ ಇತ್ತು. ಬೆಂಕಿಯ ನಡುವೆ ಹೊಳೆದದ್ದಕ್ಕೆ ಯೆಹೆಜ್ಕೇಲ ಬಳಸಿದ ಪದ ‘ಹಷ್ಮಲ್’, ಇವತ್ತಿನ ಹೀಬ್ರೂವಿನಲ್ಲಿ ಹಷ್ಮಲ್ ಎಂದರೆ ವಿದ್ಯುತ್ತೇ. ಆದರೆ ಪದ ನಡೆದು ಬಂದ ದಾರಿ ನೋಡಿ. ಕ್ರಿಸ್ತಪೂರ್ವದಲ್ಲೇ ಯೆಹೂದಿ ಪಂಡಿತರು ಗ್ರೀಕಿಗೆ ಅನುವಾದಿಸುವಾಗ ಹಷ್ಮಲ್‌ಗೆ ‘ಎಲೆಕ್ಟ್ರಾನ್’ ಎಂದರು. ಆಗ ಅದರ ಅರ್ಥ ಚಿನ್ನ ಬೆಳ್ಳಿಯ ಮಿಶ್ರಲೋಹ ಅಥವಾ ಅಂಬರ್, ಅಂದರೆ ಕಲ್ಲಾದ ಮರದ ಅಂಟು. ಅಂಬರನ್ನು ಉಜ್ಜಿದರೆ ಹೊಟ್ಟು, ಕೂದಲು ಅದಕ್ಕೆ ಅಂಟಿಕೊಳ್ಳುತ್ತವೆ. ಆ ಗುಣಕ್ಕೆ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಇದೇ ಗ್ರೀಕ್ ಪದದಿಂದ ಹೆಸರು ಕಟ್ಟಿದ, ಎಲೆಕ್ಟ್ರಿಸಿಟಿ ಹುಟ್ಟಿದ್ದು ಅಲ್ಲಿಂದ. 19ನೇ ಶತಮಾನದಲ್ಲಿ ಹೀಬ್ರೂಗೆ ವಿದ್ಯುತ್ತಿಗೊಂದು ಪದ ಬೇಕಾದಾಗ ಕವಿಯೊಬ್ಬರು ಅದೇ ದಾರಿಯಲ್ಲಿ ಹಿಂದಕ್ಕೆ ನಡೆದು ಹಷ್ಮಲ್ ಎತ್ತಿಕೊಂಡರು. ಪ್ರವಾದಿ ನಮ್ಮ ಕರೆಂಟನ್ನು ಕಂಡಿರಲಿಲ್ಲ, ಅವನ ಪದವನ್ನು ನಾವು ಕರೆಂಟಿಗೆ ಇಟ್ಟೆವು.

ಇನ್ನು ಆ ಜೀವಿಗಳು. ಮನುಷ್ಯ, ಸಿಂಹ, ಎತ್ತು, ಹದ್ದು, ನಾಲ್ಕು ಮುಖ. 1840ರ ದಶಕದಲ್ಲಿ ಇರಾಕಿನ ನಿಮ್ರೂದ್‌ನಲ್ಲಿ ಮಣ್ಣು ಅಗೆದಾಗ ಅಸ್ಸೀರಿಯದ ಅರಮನೆ ಬಾಗಿಲ ದ್ವಾರಪಾಲಕರು ಸಿಕ್ಕರು: ಎತ್ತಿನ ಇಲ್ಲವೇ ಸಿಂಹದ ಮೈ, ಹದ್ದಿನ ರೆಕ್ಕೆ, ಮನುಷ್ಯನ ಮುಖ. ಹಳೇಬೀಡಿನ ಗೋಡೆಯ ಮಕರ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆನೆಯ ಸೊಂಡಿಲು, ನವಿಲಿನ ಬಾಲ, ಸಿಂಹದ ಕಾಲು ಸೇರಿಸಿ ಶಿಲ್ಪಿ ಏನು ಹೇಳುತ್ತಿದ್ದಾನೆ ಎಂದು ಕೇಳುತ್ತೇವೆಯೇ ಹೊರತು ಆ ಪ್ರಾಣಿ ಯಾವ ಕಾಡಿನದು ಎಂದಲ್ಲ. ಗೆದ್ದ ರಾಜರ ಬಾಗಿಲು ಕಾಯುತ್ತಿದ್ದಂಥ ರೂಪಗಳನ್ನು ತಂದು ಯೆಹೆಜ್ಕೇಲ ಸೋತವರ ದೇವರ ಸಿಂಹಾಸನದ ಕೆಳಗೆ ನಿಲ್ಲಿಸಿದ. ಇಂಥದ್ದನ್ನು ಕಲ್ಪಿಸಲು ಎದೆಗಾರಿಕೆ ಬೇಕು. ಒಳ್ಳೆಯ ವಿಜ್ಞಾನ ಕಥೆಗಾರ ಮಾಡುವುದೂ ಇದನ್ನೇ: ಯಾರೂ ಕಾಣದ್ದನ್ನು ತನ್ನ ಕಾಲದವರು ಕಂಡ ಸಾಮಾನಿನಿಂದ ಕಟ್ಟುತ್ತಾನೆ. ಆ ಕಥೆಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ, ಪ್ರವಾದಿಗಳನ್ನು ಓದಲು ಅವು ನನಗೆ ಕಲಿಸಿವೆ.

ಹಾಗಾದರೆ ಚಕ್ರ ಏಕೆ? ಇಲ್ಲಿ ಕಾಲ, ಜಾಗ ಮುಖ್ಯ. ಕ್ರಿ.ಪೂ. 597ರಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಅರಸ ಯೆರೂಸಲೇಮಿನಿಂದ ರಾಜ ಯೆಹೋಯಾಖೀನನನ್ನೂ ಜನರನ್ನೂ ಹಿಡಿದೊಯ್ದ. ಆ ರಾಜನಿಗೆ ಕೊಟ್ಟ ಎಣ್ಣೆಯ ಪಡಿತರದ ಲೆಕ್ಕ ಬಾಬೆಲಿನ ಮಣ್ಣಿನ ಫಲಕಗಳಲ್ಲೇ ಸಿಕ್ಕಿದೆ. ಯೆಹೆಜ್ಕೇಲ ದರ್ಶನ ಕಂಡ ಕೆಬಾರ್ ‘ನದಿ’ಯೂ ಬಾಬೆಲ್ ನಾಡಿನ ನಿಪ್ಪೂರ್ ಬಳಿಯ ಫಲಕಗಳಲ್ಲಿದೆ, ಅದೊಂದು ನಾಲೆ. ಊರು ಕಳೆದುಕೊಂಡವರು ಪರರ ನಾಲೆಯ ದಡದಲ್ಲಿ ಕೂತಿದ್ದಾರೆ, ದೇವರ ಮನೆ ದೂರದಲ್ಲಿ ಉಳಿದಿದೆ. ಅವರಲ್ಲೊಬ್ಬನಾದ ಯೆಹೆಜ್ಕೇಲನಿಗೆ ಕಂಡದ್ದು ಗಾಲಿಯಿರುವ ಸಿಂಹಾಸನ. ಬೇಲೂರಿನ ತೇರು ಬೀದಿ ಸುತ್ತಿ ಮತ್ತೆ ಗುಡಿಗೆ ಬರುತ್ತದೆ. ಇವರ ಗುಡಿಯಾದರೋ ಕ್ರಿ.ಪೂ. 586ರ ಹೊತ್ತಿಗೆ ಸುಟ್ಟೇ ಹೋಯಿತು.

ಇಷ್ಟು ಹೇಳುವಾಗ ಹಿಂದಿನ ಬೆಂಚಿನ ಅಜ್ಜಿ ಬಾಯಿಬಿಟ್ಟರು. ಅವರದು ಶೆಟ್ಟಿಹಳ್ಳಿ ಕಡೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಅಲ್ಲಿನ ಚರ್ಚು ಈಗ ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುತ್ತದೆ. “ಹೊಸ ಊರಿಗೆ ಬಂದ್ಮೇಲೆ ನಮ್ಮವ್ವ ಒಂದೇ ಮಾತು ಕೇಳೋಳು ಮೇಷ್ಟ್ರೇ. ಚರ್ಚು ನೀರಲ್ಲಿ ಬಿಟ್ಟು ಬಂದ್ವಲ್ಲ, ದೇವ್ರು ನಮ್ ಜೊತೆ ಬಂದ್ನೋ, ಅಲ್ಲೇ ಉಳ್ದನೋ ಅಂತ.”

ನನಗೆ ಗಂಟಲು ಕಟ್ಟಿತು. ಅವರಿಗೆ ಹನ್ನೊಂದನೆಯ ಅಧ್ಯಾಯದ ಹದಿನಾರನೆಯ ವಚನ ತೆಗೆಯಲು ಹೇಳಿದೆ. ಅವರು ಹೋದ ದೇಶಗಳಲ್ಲಿ ನಾನೇ ಅವರಿಗೆ ‘ಮಿಕ್ದಾಶ್ ಮೆಅತ್’ ಆದೆನು ಎನ್ನುತ್ತಾನೆ ದೇವರು. ‘ಸ್ವಲ್ಪ ಕಾಲದ ಪವಿತ್ರಾಲಯ’ ಎಂದೂ ಓದಬಹುದು, ‘ಚಿಕ್ಕ ಪವಿತ್ರಾಲಯ’ ಎಂದೂ ಓದಬಹುದು, ವಿದ್ವಾಂಸರಲ್ಲಿ ಎರಡೂ ಪಕ್ಷ ಇವೆ. ಮಳೆಗೆ ಕರೆಂಟು ಹೋಗಿತ್ತು. ಹುಡುಗ ಅಜ್ಜಿಯ ಪಕ್ಕ ಕೂತು ಮೊಬೈಲಿನ ಟಾರ್ಚ್ ಹಿಡಿದ. ಅವರು ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿ, “ಚಿಕ್ಕದೇ ಇರ್ಲಿ ಬಿಡಿ,” ಎಂದರು.