ಮೊಸರಿನ ಪಕ್ಕದಲ್ಲಿ ಬೆಂಕಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಅಂತ ಒಂದು ಬಗೆಯ ದೋಣಿ ಇದೆ. ಅಗಲ ಬರೀ 6 ಅಡಿ 10 ಇಂಚು, ಉದ್ದ ಮಾತ್ರ 50, 60 ಅಡಿ. ಕಾಲುವೆಯ ಹಳೆಯ ಲಾಕ್‌ಗಳ, ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲಿನ ತೊಟ್ಟಿಗಳ, ಅಗಲವೇ 7 ಅಡಿ, ಅದಕ್ಕೆ ಈ ಅಳತೆ. ಒಂದು ಕಾಲಕ್ಕೆ ಕಲ್ಲಿದ್ದಲು ಹೊರುತ್ತಿದ್ದ ದೋಣಿಗಳು. ಈಗ ಅದೇ ಅಳತೆಯ ಉಕ್ಕಿನ ದೋಣಿಗಳಲ್ಲಿ ಜನ ಸಂಸಾರ ಹೂಡಿದ್ದಾರೆ. ಬ್ರಾನ್‌ಸ್ಟನ್ ಊರಿನ ಹತ್ತಿರ ಗೆಳೆಯನ ಇಂಥ ದೋಣಿಯಲ್ಲಿ ನಾನು ಎರಡು ದಿನ ಇದ್ದೆ. ರಾತ್ರಿ ಬಾಯಾರಿಕೆಯಾಗಿ ಫ್ರಿಜ್ ಬಾಗಿಲು ತೆಗೆದರೆ, ಒಳಗಿನ ಕೆಳಮೂಲೆಯಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ. ಅದರಾಚೆ ನೀಲಿ ಉರಿ. ಮೊಸರಿನ ಪಕ್ಕದಲ್ಲಿ ಬೆಂಕಿ!

ಇದು ಗ್ಯಾಸ್ ಫ್ರಿಜ್. ಸದ್ದೇ ಇಲ್ಲ. ದೊಡ್ಡ ಹೋಟೆಲಿನ ರೂಮುಗಳಲ್ಲಿ ಸುಮ್ನೆ ಕೂತಿರುವ ಮಿನಿಬಾರ್ ನೋಡಿದ್ದೀರಲ್ಲ, ಅವುಗಳಲ್ಲಿ ಹಲವು ಇದರ ತಮ್ಮಂದಿರೇ. ಅಲ್ಲಿ ಗ್ಯಾಸಿನ ಬದಲು ಕರೆಂಟಿನ ಕಾವು, ಅಷ್ಟೇ.

ಉರಿಯಿಂದ ತಂಪು ಬರುವುದು ಹೇಗೆ? ನಮ್ಮ ಮಣ್ಣಿನ ಹೂಜಿಯಿಂದ ಶುರು ಮಾಡೋಣ. ಹೂಜಿಯ ಮೈಮೇಲೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅದೇ ಹೂಜಿಯನ್ನು ಮಂಗಳೂರಿಗೆ ತಂದಿಟ್ಟರೆ ಅಷ್ಟಕ್ಕಷ್ಟೆ. ಮಂಗಳೂರಿನ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುತ್ತದೆ, ಹೊಸ ಆವಿಗೆ ಜಾಗ ಕಡಿಮೆ. ಈ ವ್ಯತ್ಯಾಸ ನೆನಪಿಡಿ, ಫ್ರಿಜ್‌ನ ಗುಟ್ಟು ಅಲ್ಲೇ ಇದೆ.

ಗ್ಯಾಸ್ ಫ್ರಿಜ್‌ನ ಹಿಂದಿನ ಕೊಳವೆಗಳಲ್ಲಿ ಮೂರು ಸಾಮಾನುಗಳಿವೆ: ಅಮೋನಿಯಾ, ನೀರು, ಹೈಡ್ರೋಜನ್. ಎಲ್ಲವನ್ನೂ ವಾತಾವರಣದ ಸುಮಾರು 20 ಪಟ್ಟು ಒತ್ತಡದಲ್ಲಿ ತುಂಬಿ ಬೆಸುಗೆ ಹಾಕಿರುತ್ತಾರೆ. ಅಮೋನಿಯಾ ಕರಗಿದ ನೀರನ್ನು ಉರಿ ಕಾಯಿಸುತ್ತದೆ. ಅಮೋನಿಯಾ ಗುಳ್ಳೆ ಗುಳ್ಳೆಯಾಗಿ ಏಳುತ್ತಾ ಕಿರಿದಾದ ಕೊಳವೆಯಲ್ಲಿ ನೀರನ್ನೂ ಮೇಲಕ್ಕೆ ತಳ್ಳುತ್ತದೆ. ಮೋಟಾರ್ ಇಲ್ಲದ ಪಂಪ್ ಇದು. ಮೇಲೆ ಹೋದ ಅಮೋನಿಯಾ ಆವಿ ಹಿಂಬದಿಯ ಲೋಹದ ರೆಕ್ಕೆಗಳಿರುವ ಕೊಳವೆಯಲ್ಲಿ ಆರಿ ದ್ರವವಾಗುತ್ತದೆ. ಆ ದ್ರವ ಫ್ರಿಜ್‌ನೊಳಗಿನ ಕೊಳವೆಗೆ ಇಳಿದಾಗ ಅಲ್ಲಿ ಹೈಡ್ರೋಜನ್ ಕಾದಿರುತ್ತದೆ. ಒತ್ತಡ ಎಲ್ಲ ಕಡೆಯೂ ಒಂದೇ, ಆದರೆ ಇಲ್ಲಿ ಅದರ ದೊಡ್ಡ ಪಾಲು ಹೈಡ್ರೋಜನ್‌ದು. ಅಮೋನಿಯಾ ಆವಿಗೆ ಬೇಕಾದಷ್ಟು ಜಾಗ. ಅಂದರೆ ಹೈಡ್ರೋಜನ್ ಇಲ್ಲಿ ಕಲಬುರಗಿಯ ಒಣಗಾಳಿ! ಅಮೋನಿಯಾ ಭರದಿಂದ ಆವಿಯಾಗಿ ಮೊಸರಿನ ಕಾವನ್ನು ಹೀರುತ್ತದೆ. ಆಮೇಲೆ ಕೆಳಗೆ ನೀರು ಅದನ್ನು ಮತ್ತೆ ಕರಗಿಸಿಕೊಳ್ಳುತ್ತದೆ, ಹಗುರಾದ ಹೈಡ್ರೋಜನ್ ತನ್ನ ಜಾಗಕ್ಕೆ ಮರಳುತ್ತದೆ.

ಅಮೋನಿಯಾ ಮತ್ತು ನೀರಿನ ಯಂತ್ರವನ್ನು ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಷ್ಟು ಹಿಂದೆಯೇ ಮಾಡಿದ್ದ. ಹೈಡ್ರೋಜನ್ ಸೇರಿಸಿ ಪಂಪೇ ಬೇಡವಾಗಿಸಿದವರು ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಅದು 1922. ಮೂರು ವರ್ಷದಲ್ಲಿ ಎಲೆಕ್ಟ್ರೋಲಕ್ಸ್ ಅದನ್ನು ಮಾರುಕಟ್ಟೆಗೆ ತಂದಿತು.

ಪಂಪ್ ಇಲ್ಲದ್ದಕ್ಕೆ ಒಂದು ದಂಡ ಕಟ್ಟಲೇಬೇಕು. ದ್ರವವೆಲ್ಲ ಇಳಿಜಾರನ್ನು ನಂಬಿ ಹರಿಯುತ್ತದೆ. ಫ್ರಿಜ್ ವಾಲಿದರೆ ಅದು ಎಲ್ಲೋ ಒಂದು ಬಾಗಿನಲ್ಲಿ ನಿಂತುಬಿಡುತ್ತದೆ, ಉರಿ ಮಾತ್ರ ಕಾಯಿಸುತ್ತಲೇ ಇರುತ್ತದೆ. ಕೊಳವೆಗೆ ತುಕ್ಕು ಹಿಡಿಯದಿರಲಿ ಅಂತ ಹಾಕಿದ ಸೋಡಿಯಂ ಕ್ರೋಮೇಟ್ ಆಗ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಅಲ್ಲಿಗೆ ಫ್ರಿಜ್‌ನ ಆಯಸ್ಸು ಮುಗಿಯಿತು. ಈಗಿನ ಹಲವು ಫ್ರಿಜ್‌ಗಳಿಗೆ ಪಕ್ಕಕ್ಕೆ 3 ಡಿಗ್ರಿ, ಹಿಂದೆ ಮುಂದೆ 6 ಡಿಗ್ರಿ ಮಿತಿ. ಹಾಯಿ ಕಟ್ಟಿ ಸಮುದ್ರದಲ್ಲಿ ಮಗ್ಗುಲಾಗಿ ಓಡುವ ದೋಣಿಗೆ ಇದು ಆಗಿಬರದು. ನಿಂತ ನೀರಿನ ಕಾಲುವೆಗೆ ಸರಿ. ಅಲ್ಲೂ ಹುಷಾರಾಗಿರಬೇಕು. ರಾತ್ರಿ ಕಾಲುವೆಯ ನೀರು ಇಳಿದರೆ ದೋಣಿಯ ತಳ ದಂಡೆಯ ಕಟ್ಟೆಗೆ ತಾಗಿ ವಾಲುತ್ತದೆ. ಗೆಳೆಯ ಗಾರೆ ಕೆಲಸದವರ ರಸಮಟ್ಟವನ್ನು ಫ್ರೀಜರ್‌ನೊಳಗೆ ಇಟ್ಟು ನೋಡುತ್ತಾನೆ. ಚಾವಣಿ ಮೇಲಿನ ಕಲ್ಲಿದ್ದಲ ಮೂಟೆಗಳನ್ನು ಒಂದೇ ಪಕ್ಕಕ್ಕೆ ಪೇರಿಸಿದ್ದಕ್ಕೇ ಗುಳ್ಳೆ ಓರೆಯಾಗಿದ್ದನ್ನು ನಾನೇ ಕಂಡೆ.

ಇಷ್ಟು ಫ್ರಿಜ್‌ನ ಮಾತಾಯಿತು. ನಿಜವಾದ ತಲೆನೋವು ದೋಣಿಯದು. ದೋಣಿ ಅಂದರೆ ಹೊರಗಿನ ನೀರು ಒಳಗೆ ಬಾರದಂತೆ ಮಾಡಿದ ಪಾತ್ರೆ. ಅದೇ ಕಾರಣಕ್ಕೆ, ಒಳಗೆ ಸೋರಿದ ಗ್ಯಾಸ್ ಹೊರಗೆ ಹೋಗದ ಪಾತ್ರೆಯೂ ಅದೇ. ಸಿಲಿಂಡರಿನ ಗ್ಯಾಸ್ ಅಂದರೆ ಪ್ರೊಪೇನ್ ಅಥವಾ ಬ್ಯೂಟೇನ್. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಮನೆಯಲ್ಲಿ ಗ್ಯಾಸ್ ಸೋರಿದರೆ ಬಾಗಿಲಿನ ಕೆಳಗಿನಿಂದಾದರೂ ಹೊರಗೆ ಹರಿದೀತು. ದೋಣಿಯಲ್ಲಿ ಕಿಟಕಿ, ಬಾಗಿಲು ಎಲ್ಲ ಮೇಲೆ. ಗ್ಯಾಸ್ ತಳಕ್ಕಿಳಿದು ಕೂರುತ್ತದೆ.

ಒಂದು ಲೆಕ್ಕ ಹಾಕಿದೆ. ಇಂಥ ಸಣ್ಣ ಫ್ರಿಜ್ ದಿನಕ್ಕೆ ಸುಮಾರು 250 ಗ್ರಾಂ ಗ್ಯಾಸ್ ಉರಿಸುತ್ತದೆ. ಅಷ್ಟು ಪ್ರೊಪೇನ್ ಆವಿಯಾದರೆ ಸುಮಾರು 130 ಲೀಟರ್. ಗಾಳಿಯಲ್ಲಿ ಪ್ರೊಪೇನ್ ಶೇಕಡಾ 2 ದಾಟಿದರೆ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. 12 ಮೀಟರ್ ಉದ್ದ, 1.8 ಮೀಟರ್ ಅಗಲದ ಕ್ಯಾಬಿನ್‌ನ ತಳದಿಂದ ಒಂದಡಿ ಎತ್ತರದ ಗಾಳಿ ಸುಮಾರು 6,500 ಲೀಟರ್. ಅದರ ಶೇಕಡಾ 2 ಎಷ್ಟು? 130 ಲೀಟರ್. ಫ್ರಿಜ್‌ನ ಒಂದು ದಿನದ ಊಟ ಉರಿಯದೆ ಕೆಳಗೆ ಕೂತರೆ ಇಡೀ ದೋಣಿಯ ತಳ ಒಂದು ಪಟಾಕಿ. ಹೊಂದಿಸಿದ ಲೆಕ್ಕ ಅಂತ ಅನಿಸಬಹುದು. ನನಗೂ ಹಾಗೇ ಅನಿಸಿ ಎರಡು ಸಲ ಗುಣಿಸಿದೆ.

ಸಿಲಿಂಡರ್ ಕ್ಯಾಬಿನ್ನಿನ ಒಳಗೆ ಇರುವುದಿಲ್ಲ ಏಕೆ ಅಂತ ಇದರಿಂದ ತಿಳಿಯುತ್ತದೆ. ದೋಣಿಯ ಮೂತಿಯಲ್ಲಿ ಅದಕ್ಕೇ ಒಂದು ಉಕ್ಕಿನ ಗೂಡು. ಗೂಡಿನಿಂದ ಕ್ಯಾಬಿನ್ನಿಗೆ ಸಂದಿಯೇ ಇರಬಾರದು. ಅದರ ತಳದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಹೊರಗೆ ತೆರೆಯುವ ತೂತು. ಸೋರಿದ್ದು ನೀರಿನಂತೆ ಹರಿದು ಕಾಲುವೆಯ ಮೇಲೆ ಬೀಳಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಅಲ್ಲಿ ಹೆಚ್ಚಾಗಿ 13 ಕಿಲೋದ ಪ್ರೊಪೇನ್ ಸಿಲಿಂಡರ್ ಬಳಸುತ್ತಾರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಕೈಕೊಡುವುದಿಲ್ಲ. ಇಂಗ್ಲೆಂಡಿನ ಚಳಿಗೆ ಅದೇ ಗತಿ.

ಗೂಡಿನಿಂದ ಫ್ರಿಜ್‌ವರೆಗೆ ತಾಮ್ರದ ಪೈಪು. ರಬ್ಬರ್ ಟ್ಯೂಬ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಜಾಯಿಂಟ್ ಕೂಡ ಹಾಗೇ. ದೋಣಿ ಎಂಜಿನ್ನಿಗೆ ನಡುಗುತ್ತದೆ, ದಂಡೆಗೆ ಗುದ್ದುತ್ತದೆ, ಅದಕ್ಕೆ ಪೈಪನ್ನು ಅಲುಗದಂತೆ ಹಿಡಿಸಬೇಕು. ಗೋಡೆ ದಾಟುವಲ್ಲಿ ಉಜ್ಜದಂತೆ ಪೈಪಿಗೆ ಕವಚ ತೊಡಿಸಬೇಕು. ಫ್ರಿಜ್‌ಗೆ ತನ್ನದೇ ವಾಲ್ವ್, ಕೈಗೆಟಕುವಲ್ಲಿ. ಜನ ವಾಸಿಸುವ ದೋಣಿಯಾದರೆ ಅಲ್ಲಿ ಈ ಕೆಲಸಕ್ಕೆ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರೇ ಬೇಕು. ನಾಲ್ಕು ವರ್ಷಕ್ಕೊಮ್ಮೆ ಬೋಟ್ ಸೇಫ್ಟಿ ಸ್ಕೀಮ್‌ನವರ ತಪಾಸಣೆಯೂ ಉಂಟು. ಸೋರಿಕೆ ನೋಡಲು ಗೂಡಿನಲ್ಲಿ ಒಂದು ಬಬಲ್ ಟೆಸ್ಟರ್ ಇತ್ತು. ಫ್ರಿಜ್, ಒಲೆ ಎಲ್ಲ ಆರಿಸಿ ಸಿಲಿಂಡರ್ ಮಾತ್ರ ತೆರೆದು ಬಟನ್ ಒತ್ತಿದರೆ, ಗಾಜಿನೊಳಗೆ ಗುಳ್ಳೆ ಎದ್ದರೆ ಎಲ್ಲೋ ಸೋರುತ್ತಿದೆ ಅಂತ. ನಮ್ಮ ಮನೆಗಳಲ್ಲಿ ಸೋಪಿನ ನೀರು ಹಚ್ಚಿ ನೋಡುವ ಉಪಾಯವೇ. ಕಡ್ಡಿ ಗೀರಿ ನೋಡುವ ಧೀರರೂ ಇದ್ದಾರೆ, ಅವರ ಸುದ್ದಿ ಬೇಡ.

ಉರಿಯದ ಗ್ಯಾಸ್ ಕೆಳಗೆ ಹೋದರೆ, ಉರಿದ ಗ್ಯಾಸ್ ಮೇಲೆ ಹೋಗುತ್ತದೆ. ಅದನ್ನು ಹೊಗೆಕೊಳವೆಯಲ್ಲಿ ಚಾವಣಿಯಾಚೆ ಬಿಡಬೇಕು. 250 ಗ್ರಾಂ ಪ್ರೊಪೇನ್ ಉರಿದರೆ 400 ಗ್ರಾಂ ನೀರಾವಿ ಹುಟ್ಟುತ್ತದೆ. ಅದು ಒಳಗೇ ಉಳಿದರೆ ಉಕ್ಕಿನ ಗೋಡೆ ದಿನವಿಡೀ ಬೆವರುತ್ತದೆ. ಬೆವರಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಕಾರ್ಬನ್ ಮೊನಾಕ್ಸೈಡಿಗೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ಅಂಟುತ್ತದೆ. ಒಲೆಯಾದರೆ ನಾವು ಎದುರು ನಿಂತಿರುತ್ತೇವೆ. ಫ್ರಿಜ್‌ನ ಉರಿ ನಾವು ಮಲಗಿದಾಗಲೂ ಇರುತ್ತದೆ. 2019ರ ಏಪ್ರಿಲ್‌ನಿಂದ ಅಲ್ಲಿನ ವಾಸದ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡಿನ ಅಲಾರಂ ಕಡ್ಡಾಯ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ. ಅದು ತಳದ ಹತ್ತಿರ ಇರಬೇಕು, ಇದು ಉಸಿರಾಡುವ ಎತ್ತರದಲ್ಲಿ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಎರಡೂ ದಂಡ.

ಉರಿ ಆರಿಹೋದರೆ? ಉರಿಯೊಳಗೆ ಥರ್ಮೊಕಪಲ್ ಅಂತ ಒಂದು ಕಡ್ಡಿ ಚಾಚಿಕೊಂಡಿರುತ್ತದೆ. ಕಾದಾಗ ಅದರಲ್ಲಿ ಕೆಲವೇ ಮಿಲಿವೋಲ್ಟ್ ಹುಟ್ಟುತ್ತದೆ. ಅಷ್ಟರಿಂದಲೇ ಒಂದು ಪುಟ್ಟ ಅಯಸ್ಕಾಂತ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿ ಕಡ್ಡಿ ತಣ್ಣಗಾದರೆ ಹಿಡಿತ ಬಿಟ್ಟು ಗ್ಯಾಸ್ ನಿಲ್ಲುತ್ತದೆ. ಹಚ್ಚುವಾಗ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯುವುದು ಆ ಕಡ್ಡಿ ಕಾಯಲಿ ಅಂತಲೇ. ಬೇಸರಪಟ್ಟು ಅದನ್ನು ತಂತಿ ಕಟ್ಟಿ ಹಿಡಿಸಿದರೆ ದೋಣಿಯ ಕಾವಲುಗಾರನಿಗೆ ನಿದ್ದೆಮಾತ್ರೆ ಕೊಟ್ಟಂತೆ.

ಪೆಟ್ರೋಲ್ ಎಂಜಿನ್ನಿನ ದೋಣಿಯಲ್ಲಿ ಮಾತ್ರ ಹೀಗೆ ತೆರೆದ ಉರಿ ಸಲ್ಲದು. ಪೆಟ್ರೋಲ್ ಆವಿಯೂ ತಳಕ್ಕೇ ಇಳಿಯುತ್ತದೆ. ಅಲ್ಲಿ ಉರಿಗೆ ಗಾಳಿ ಹೊರಗಿನಿಂದಲೇ ಬರುವಂಥ ಮುಚ್ಚಿದ ಬರ್ನರ್ ಬೇಕು.

ಇನ್ನು ನಿಗಾ. ಉರಿ ನೀಲಿಯಾಗಿರಬೇಕು. ಹಳದಿಯಾದರೆ ಮಸಿ ಕಟ್ಟಿದೆ ಅಥವಾ ಬರ್ನರ್ ನಳಿಕೆಯಲ್ಲಿ ಜೇಡ ಸಂಸಾರ ಹೂಡಿದೆ. ನಗಬೇಡಿ, ಬಲೆಯ ಒಂದೆಳೆ ಸಾಕು ಗಾಳಿ ಕೆಡಲು. ವರ್ಷಕ್ಕೊಮ್ಮೆ ಬರ್ನರ್, ಹೊಗೆಕೊಳವೆ ಬಿಚ್ಚಿ ಗುಡಿಸಬೇಕು. ಗ್ಯಾಸ್ ಹೊರಬರುವ ಜೆಟ್ಟಿನ ತೂತಿಗೆ ಪಿನ್ನು ಚುಚ್ಚಬಾರದು, ತೂತು ದೊಡ್ಡದಾದರೆ ಉರಿ ಕೆಡುತ್ತದೆ. ಫ್ರಿಜ್‌ನ ಹಿಂದೆ ಹಳದಿ ಕಲೆ ಕಂಡು ಮೂಗಿಗೆ ಅಮೋನಿಯಾದ ಘಾಟು ಹೊಡೆದರೆ ತಕ್ಷಣ ಆರಿಸಿ ಹೊರಗೆ ಬನ್ನಿ. ಅದಕ್ಕೆ ರಿಪೇರಿ ಇಲ್ಲ.

ಇಷ್ಟೆಲ್ಲ ಪಾಡು ಬೇಕಾ? 250 ಗ್ರಾಂ ಗ್ಯಾಸ್ ಅಂದರೆ ಹಗಲು ರಾತ್ರಿ 130 ವಾಟ್ ಕಾವು. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ ಎಳೆಯುವುದು 45 ವಾಟ್ ಸುಮಾರು, ಅದೂ ಬಿಟ್ಟು ಬಿಟ್ಟು. ಚಾವಣಿಗೆ ಎರಡು ಸೋಲಾರ್ ಫಲಕ ಹಾಕಿದರೆ ಬೇಸಿಗೆ ಕಳೆಯುತ್ತದೆ. ಹೊಸದಾಗಿ ದೋಣಿ ಕಟ್ಟಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಗೆಳೆಯನ ಚಿಂತೆ ಡಿಸೆಂಬರಿನದು. ಅಲ್ಲಿ ನಾಲ್ಕು ಗಂಟೆಗೇ ಬೆಳಕು ಸರಿಯುತ್ತದೆ, ಬ್ಯಾಟರಿ ಸೊರಗುತ್ತದೆ. ಆಗ ಒಂದು ಸಿಲಿಂಡರ್‌ನಲ್ಲಿ ಫ್ರಿಜ್ ಒಂದೂವರೆ ತಿಂಗಳು ಓಡುತ್ತದೆ. "ಡಿಸೆಂಬರಿನಲ್ಲಿ ಫ್ರಿಜ್ ಯಾಕೋ ಮಾರಾಯಾ, ಬಾಗಿಲಾಚೆ ಇಟ್ಟರೆ ಸಾಲದಾ?" ಅಂದೆ. ಹೊರಗಿಟ್ಟ ಬೆಣ್ಣೆಯನ್ನು ಹಂಸ ತಿಂದ ಕಥೆ ಹೇಳಿದ.